ಡಿಸೆಂಬರ್ 29ರ ಕೂಲಿ ಹಿಂದಿನ ಜನವರಿಯ ಲೆಕ್ಕಕ್ಕೆ ಸೇರಿದ್ದು ಹೇಗೆ? ತಂತ್ರಾಂಶದಲ್ಲಿ ವಾರಗಳನ್ನು ಎಣಿಸುವ ಬಗೆ

ತೋಟದ ಲೆಕ್ಕ (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದ ಕೂಲಿ ಲೆಕ್ಕಕ್ಕಾಗಿ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟ ಸಣ್ಣ ತಂತ್ರಾಂಶವೊಂದು 2025ರ ಜನವರಿ 1ರಿಂದ ಬಳಕೆಯಲ್ಲಿದೆ. ಯಾರು ಎಷ್ಟು ಕಿಲೋ ಹಣ್ಣು ಬಿಡಿಸಿದರೆಂಬುದನ್ನು ತೋಟದ ರೈಟರು ಸಂಜೆ ತೂಕದ ಹೊತ್ತಿಗೆ ನಮೂದಿಸುತ್ತಾರೆ. ಶನಿವಾರ ಬಟವಾಡೆಯ ಪಟ್ಟಿ ತಾನಾಗಿ ಬರುತ್ತದೆ. ಒಂದು ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು. ಆದರೆ 2026ರ ಜನವರಿ 3ರ ಬಟವಾಡೆಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆಯೂ ಮೂರೇ ದಿನದ ಹಣ್ಣಿನ ತೂಕ ಬಂದಿತ್ತು. ಕುಯ್ಲಿನ ಗಡಿಬಿಡಿಯಲ್ಲಿ ರೈಟರೂ ಗಮನಿಸಿರಲಿಲ್ಲ, ನಾನಂತೂ ಊರಿನಲ್ಲಿಯೇ ಇರಲಿಲ್ಲ. ಹಣ್ಣು ಬಿಡಿಸುವ ಒಬ್ಬ ತಾಯಿ, ತಾನು ಸೋಮವಾರದಿಂದ ಒಂದು ದಿನವೂ ತಪ್ಪಿಸಿಲ್ಲ ಎಂದು ಬೆರಳೆಣಿಸಿ ಹೇಳಿದ ಮೇಲೆಯೇ ತಪ್ಪು ಬೆಳಕಿಗೆ ಬಂದದ್ದು.

ಹುಡುಕಿದಾಗ ಡಿಸೆಂಬರ್ 29, 30 ಮತ್ತು 31ರ ನಮೂದುಗಳೆಲ್ಲ ‘2025-01’ ಎಂಬ ವಾರಕ್ಕೆ ಸೇರಿಕೊಂಡಿದ್ದವು. ಆ ವಾರದ ಹಣ ಒಂದು ವರ್ಷದ ಹಿಂದೆಯೇ ಪಾವತಿಯಾಗಿದೆ ಎಂದು ಗುರುತಾಗಿದ್ದರಿಂದ ಅವು ಪಟ್ಟಿಗೆ ಬರಲೇ ಇಲ್ಲ. ನಾನು ಮಾಡಿದ್ದಿಷ್ಟೇ: ದಿನಾಂಕದಿಂದ ವರ್ಷವನ್ನು ತೆಗೆದುಕೊಂಡೆ, ಐಸೊಕ್ಯಾಲೆಂಡರ್ ಎಂಬ ಫಂಕ್ಷನ್‌ನಿಂದ ವಾರದ ಸಂಖ್ಯೆಯನ್ನು ತೆಗೆದುಕೊಂಡೆ, ಎರಡನ್ನೂ ಜೋಡಿಸಿ ಅದನ್ನೇ ವಾರದ ಗುರುತಾಗಿ ಇಟ್ಟುಕೊಂಡೆ. ಬಾಕಿ ಹಣವನ್ನು ಕೊಟ್ಟಾಗಿದೆ. ಆದರೆ ಡಿಸೆಂಬರ್ ತಿಂಗಳಲ್ಲಿ ಮೊದಲನೆಯ ವಾರ ಹೇಗೆ ಬಂತೆಂಬುದನ್ನು ಸರಿಯಾಗಿ ತಿಳಿಯದೆ ಕೋಡನ್ನು ಮುಟ್ಟಲು ನನಗೆ ಮನಸ್ಸಾಗುತ್ತಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಹೇಮಾವತಿ ದಂಡೆ (ಹಾಸನ)

ನೀವು ಜೋಡಿಸಿರುವುದು ಎರಡು ಬೇರೆ ಬೇರೆ ಪಂಚಾಂಗಗಳ ಅಂಗಗಳನ್ನು. ವರ್ಷ ಮಾಮೂಲಿ ಕ್ಯಾಲೆಂಡರಿನದು. ವಾರ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕದ್ದು. ಆ ಮಾನಕ ಮೊದಲು ಪ್ರಕಟವಾದದ್ದು 1988ರಲ್ಲಿ. ಅದರ ಪ್ರಕಾರ ವಾರ ಸೋಮವಾರ ಆರಂಭವಾಗಿ ಭಾನುವಾರ ಮುಗಿಯುತ್ತದೆ, ಮತ್ತು ಯಾವ ವಾರದೊಳಗೆ ಆ ವರ್ಷದ ಮೊದಲ ಗುರುವಾರ ಬೀಳುತ್ತದೆಯೋ ಅದೇ ಮೊದಲನೆಯ ವಾರ. ಗುರುವಾರವೇ ಏಕೆಂದರೆ, ಸೋಮವಾರದಿಂದ ಎಣಿಸಿದರೆ ಏಳು ದಿನಗಳ ನಟ್ಟನಡುವಿನ ದಿನ ಅದು. ಗುರುವಾರ ಯಾವ ವರ್ಷದಲ್ಲಿದೆಯೋ ಆ ವರ್ಷಕ್ಕೆ ವಾರದ ಏಳು ದಿನಗಳಲ್ಲಿ ಕನಿಷ್ಠ ನಾಲ್ಕು ದಿನಗಳು ಸೇರಿರುತ್ತವೆ. ಹೆಚ್ಚು ದಿನ ಯಾರ ಪಾಲಿಗೋ ಇಡೀ ವಾರ ಅವರ ಪಾಲಿಗೆ.

2026ರ ಜನವರಿ 1 ಗುರುವಾರವಾಗಿತ್ತು. ಆದ್ದರಿಂದ ಆ ವಾರದ ಸೋಮವಾರ, ಅಂದರೆ 2025ರ ಡಿಸೆಂಬರ್ 29, ಐಎಸ್‌ಒ ಲೆಕ್ಕದಲ್ಲಿ 2026ರ ಮೊದಲನೆಯ ವಾರದ ಮೊದಲನೆಯ ದಿನ. ಫಂಕ್ಷನ್ ನಿಮಗೆ ಕೊಟ್ಟ ‘1’ ಸರಿಯಾಗಿಯೇ ಇದೆ. ಅದರ ಜೊತೆಗೆ ಅದೇ ಫಂಕ್ಷನ್ 2026 ಎಂಬ ವರ್ಷವನ್ನೂ ಕೊಟ್ಟಿತ್ತು, ಅದನ್ನು ನೀವು ಬಿಟ್ಟುಬಿಟ್ಟಿರಿ. ಈ ವರ್ಷವನ್ನು ನಾನು ‘ವಾರವರ್ಷ’ ಎಂದು ಕರೆಯುತ್ತೇನೆ. ವರ್ಷದ ಮುನ್ನೂರ ಅರವತ್ತು ಚಿಲ್ಲರೆ ದಿನಗಳಲ್ಲಿ ಅದು ಮಾಮೂಲಿ ವರ್ಷದೊಂದಿಗೆ ಹೊಂದಿಕೊಂಡೇ ಹೋಗುತ್ತದೆ. ಡಿಸೆಂಬರಿನ ಕೊನೆಯ ಮೂರು ದಿನ ಮತ್ತು ಜನವರಿಯ ಮೊದಲ ಮೂರು ದಿನಗಳಲ್ಲಿ ಮಾತ್ರ ಬೇರೆಯಾಗಬಹುದು. ಇದರಿಂದಾಗಿಯೇ ಇಂಥ ತಪ್ಪು ಪರೀಕ್ಷೆಯ ಹೊತ್ತಿಗೆ ಸಿಗುವುದಿಲ್ಲ. ನಮ್ಮ ಮಲೆನಾಡಿನಲ್ಲಾದರೋ ಆ ಆರು ದಿನಗಳು ಕುಯ್ಲಿನ ನಡುಮಧ್ಯದಲ್ಲಿ, ಅತಿ ಹೆಚ್ಚು ಆಳುಗಳು ಕೆಲಸದಲ್ಲಿರುವಾಗ ಬರುತ್ತವೆ.

ಕೈಯಲ್ಲಿ ಲೆಕ್ಕ ಹಾಕುವ ವಿಧಾನ ಸುಲಭವಾಗಿದೆ. ಕೊಟ್ಟ ದಿನಾಂಕ ಯಾವ ವಾರದಲ್ಲಿದೆಯೋ ಆ ವಾರದ ಗುರುವಾರಕ್ಕೆ ಹೋಗಬೇಕು. ಆ ಗುರುವಾರದ ವರ್ಷವೇ ವಾರವರ್ಷ. ಅದು ವರ್ಷದ ಎಷ್ಟನೆಯ ದಿನವೋ ಅದರಲ್ಲಿ ಒಂದನ್ನು ಕಳೆದು, ಏಳರಿಂದ ಭಾಗಿಸಿ, ಶೇಷವನ್ನು ಬಿಟ್ಟು, ಭಾಗಲಬ್ಧಕ್ಕೆ ಒಂದನ್ನು ಕೂಡಿಸಿದರೆ ವಾರದ ಸಂಖ್ಯೆ ಬರುತ್ತದೆ. 2027ರ ಜನವರಿ 3, ಭಾನುವಾರವನ್ನು ತೆಗೆದುಕೊಳ್ಳಿ. ಅದರ ಗುರುವಾರ 2026ರ ಡಿಸೆಂಬರ್ 31, ವರ್ಷದ 365ನೆಯ ದಿನ. 364ನ್ನು ಏಳರಿಂದ ಭಾಗಿಸಿದರೆ 52, ಕೂಡಿಸಿದರೆ 53. ಅಂದರೆ 2027ರ ಆ ಭಾನುವಾರ 2026ರ 53ನೆಯ ವಾರಕ್ಕೆ ಸೇರಿದ್ದು.

ಯಗಚಿ (ಬೇಲೂರು)

ಮೇಲಿನದನ್ನು ಓದಿ ನನ್ನ ಬಳಿ ಇರುವ ಸಾಧನಗಳಲ್ಲಿ 2025ರ ಡಿಸೆಂಬರ್ 29ನ್ನು ಕೊಟ್ಟು ನೋಡಿದೆ. ಎಕ್ಸೆಲ್‌ನ ವೀಕ್‌ನಮ್ ಎಂಬ ಫಂಕ್ಷನ್ 53 ಎಂದಿತು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನ ವೀಕ್ ಫಂಕ್ಷನ್ 52 ಎಂದಿತು. ಪೈಥಾನ್ 1 ಎನ್ನುತ್ತಿದೆ. ಒಂದೇ ದಿನಕ್ಕೆ ಮೂರು ಉತ್ತರಗಳಾದರೆ ಯಾವುದನ್ನು ನಂಬಬೇಕು?

ಹೇಮಾವತಿ ದಂಡೆ (ಹಾಸನ)

ಮೂರೂ ತಮ್ಮ ತಮ್ಮ ನಿಯಮಕ್ಕೆ ನಿಷ್ಠವಾಗಿವೆ. ವೀಕ್‌ನಮ್‌ಗೆ ನೀವು ಬೇರೇನನ್ನೂ ಹೇಳದಿದ್ದರೆ ಅದು ಭಾನುವಾರದಿಂದ ವಾರವನ್ನು ಆರಂಭಿಸುತ್ತದೆ ಮತ್ತು ಜನವರಿ 1 ಇರುವ ವಾರವನ್ನು, ಅದರಲ್ಲಿ ಒಂದೇ ದಿನ ಇದ್ದರೂ, ಮೊದಲನೆಯ ವಾರವೆನ್ನುತ್ತದೆ. 2025ರ ಜನವರಿ 1 ಬುಧವಾರ; ಬುಧವಾರದಿಂದ ಶನಿವಾರದವರೆಗಿನ ನಾಲ್ಕೇ ದಿನ ಮೊದಲನೆಯ ವಾರ, ಹಾಗೆ ಎಣಿಸುತ್ತ ಹೋದರೆ ಡಿಸೆಂಬರ್ 28ರ ಭಾನುವಾರ 53ನೆಯ ವಾರ ಹುಟ್ಟುತ್ತದೆ. ಮೈಎಸ್‌ಕ್ಯೂಎಲ್‌ನ ವೀಕ್‌ಗೆ 0ಯಿಂದ 7ರವರೆಗೆ ಎಂಟು ಬಗೆಯ ಮೋಡ್‌ಗಳಿವೆ. ಸಾಮಾನ್ಯವಾಗಿ ಇರುವ 0 ಮೋಡ್‌ನಲ್ಲಿ ವರ್ಷದ ಮೊದಲ ಭಾನುವಾರದಿಂದ ಒಂದನೆಯ ವಾರ. ಅದಕ್ಕೆ ಮುಂಚಿನ ದಿನಗಳಿಗೆ ಸೊನ್ನೆಯ ವಾರ. ಆದ್ದರಿಂದ ಅದರಲ್ಲಿ 52, ಮತ್ತು 2026ರ ಜನವರಿ 1ಕ್ಕೆ ಸೊನ್ನೆ.

ಐಎಸ್‌ಒ ಬೇಕಾದರೆ ಮೈಎಸ್‌ಕ್ಯೂಎಲ್‌ನಲ್ಲಿ ಮೋಡ್ 3 ಎಂದು ಬರೆಯಬೇಕು, ಎಕ್ಸೆಲ್‌ನಲ್ಲಿ ವೀಕ್‌ನಮ್‌ಗೆ 21 ಎಂಬ ಎರಡನೆಯ ಅಂಕವನ್ನು ಕೊಡಬೇಕು ಅಥವಾ 2013ರ ಆವೃತ್ತಿಯಿಂದ ಬಂದಿರುವ ಐಎಸ್‌ಒವೀಕ್‌ನಮ್ ಬಳಸಬೇಕು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ವೀಕ್ ಎಂದು ಕೇಳಿದರೆ ಐಎಸ್‌ಒ ವಾರವೇ ಬರುತ್ತದೆ. ಆದರೆ ಅದರೊಂದಿಗೆ ಇಯರ್ ಎಂದು ಕೇಳಿದರೆ ಮೂಡಿಗೆರೆಯವರಿಗೆ ಆದದ್ದೇ ಆಗುತ್ತದೆ, ಐಸೊಇಯರ್ ಎಂದು ಕೇಳಬೇಕು. ನನ್ನ ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವುದು ಇದರಲ್ಲಿಯೇ.

ಹಳೇ ರೈಟರು (ಸಕಲೇಶಪುರ)

ನಾನು ತಂತ್ರಾಂಶದವನಲ್ಲ. ತೋಟಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ಬರೆದವನು. ಆದರೆ ಇದು ನಮ್ಮ ಆಳುಗಳ ಕೂಲಿಯ ಪ್ರಶ್ನೆಯಾದ್ದರಿಂದ ನನಗೆ ಹೇಳುವುದಿದೆ.

ಕೂಲಿಯ ವಾರ ಸೋಮವಾರ ಆರಂಭವಾಗುತ್ತದೆಂದು ನಿಮಗೆ ಹೇಳಿದವರು ಯಾರು? 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ‘ವಾರ’ ಎಂಬ ಪದಕ್ಕೆ ಅರ್ಥ ಕೊಟ್ಟಿದ್ದರು: ಶನಿವಾರ ರಾತ್ರಿಯ ನಡುರಾತ್ರಿಯಿಂದ ಆರಂಭವಾಗುವ ಏಳು ದಿನಗಳ ಅವಧಿ. ಬೇರೆ ರಾತ್ರಿಯಿಂದ ಎಣಿಸಬೇಕಾದರೆ ಮುಖ್ಯ ನಿರೀಕ್ಷಕರ ಲಿಖಿತ ಒಪ್ಪಿಗೆ ಬೇಕಿತ್ತು. ತೋಟಗಳಿಗೆ ಸಂಬಂಧಪಟ್ಟ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲಿಯೂ ಶನಿವಾರದ ನಡುರಾತ್ರಿಯೇ ಆರಂಭವಾಗಿತ್ತು. ನಾವು ಕಲಿತದ್ದು, ಬರೆದದ್ದು ಎಲ್ಲ ಭಾನುವಾರದಿಂದ ಶನಿವಾರದವರೆಗಿನ ವಾರವನ್ನು. ಭಾನುವಾರ ರಜೆ ಇರುವವರೆಗೆ ಸೋಮವಾರದಿಂದ ಎಣಿಸಿದರೂ ಭಾನುವಾರದಿಂದ ಎಣಿಸಿದರೂ ಹಣ ಒಂದೇ. ಹಣ್ಣು ಒಟ್ಟಿಗೆ ಕೆಂಪಾಗಿ ಉದುರಲು ಆರಂಭವಾದಾಗ ಭಾನುವಾರವೂ ಕುಯ್ಲು ನಡೆಯುತ್ತದೆ. ಆ ದಿನದ ತೂಕ ನಿಮ್ಮ ತಂತ್ರಾಂಶದಲ್ಲಿ ಯಾವ ವಾರಕ್ಕೆ ಹೋಗುತ್ತದೆ? ಹಿಂದಿನ ದಿನ ಬಟವಾಡೆಯಾಗಿ ಮುಗಿದ ವಾರಕ್ಕೇ ಅಲ್ಲವೇ? 2025ರ ಭಾನುವಾರಗಳ ಲೆಕ್ಕವನ್ನೆಲ್ಲ ಒಮ್ಮೆ ತೆಗೆದು ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನೊಂದು ಮಾತು. ನಾವು ವಾರಕ್ಕೆ ಸಂಖ್ಯೆಯನ್ನು ಕೊಡುತ್ತಲೇ ಇರಲಿಲ್ಲ. ಪುಟದ ಮೇಲೆ ಆ ವಾರದ ಶನಿವಾರದ ತಾರೀಖನ್ನು ಬರೆಯುತ್ತಿದ್ದೆವು. ಡಿಸೆಂಬರ್ ಇರಲಿ, ಜನವರಿ ಇರಲಿ, ಆ ತಾರೀಖು ಇನ್ನೊಂದು ವರ್ಷದಲ್ಲಿ ಮರಳಿ ಬರುವುದಿಲ್ಲ.

ತೋಟದ ಲೆಕ್ಕ (ಮೂಡಿಗೆರೆ)

ರೈಟರ್ ಸರ್, ನೀವು ಹೇಳಿದಂತೆಯೇ ಆಗಿದೆ. 2025ರಲ್ಲಿ ಕುಯ್ಲಿನ ನಾಲ್ಕು ಭಾನುವಾರಗಳಲ್ಲಿ ಕೆಲಸ ನಡೆದಿತ್ತು. ಮೂರು ದಿನದ ಲೆಕ್ಕವನ್ನು ತೋಟದ ರೈಟರು ಕೈಯಲ್ಲೇ ಮುಂದಿನ ವಾರಕ್ಕೆ ಬರೆದುಕೊಂಡು ಸರಿಪಡಿಸಿದ್ದರು, ಒಂದು ಭಾನುವಾರದ ಹಣ ಹನ್ನೊಂದು ಜನರಿಗೆ ಸಂದೇ ಇಲ್ಲ. ಅದನ್ನು ಈ ಶನಿವಾರ ಕೊಡಿಸುತ್ತಿದ್ದೇನೆ. ನಾನು ಕೇಳಿದ ಪ್ರಶ್ನೆಗಿಂತ ನೀವು ಕೇಳಿದ್ದು ದೊಡ್ಡದಾಗಿತ್ತು.

ಮುಳ್ಳಯ್ಯನಗಿರಿ (ಚಿಕ್ಕಮಗಳೂರು)

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವವರಿಗಾಗಿ ಎರಡು ವಿಷಯಗಳನ್ನು ಸೇರಿಸುತ್ತೇನೆ.

ದಿನಾಂಕವನ್ನು ಅಕ್ಷರಕ್ಕೆ ಇಳಿಸುವಾಗ ಸಣ್ಣ ವೈ ಅಕ್ಷರವನ್ನು ನಾಲ್ಕು ಸಲ ಬರೆದರೆ ಮಾಮೂಲಿ ವರ್ಷ. ದೊಡ್ಡ ವೈ ಬರೆದರೆ ವಾರವರ್ಷ. ಬೆರಳು ತಪ್ಪಿ ದೊಡ್ಡ ವೈ ಬಿದ್ದರೆ ವರ್ಷವಿಡೀ ಏನೂ ಗೊತ್ತಾಗುವುದಿಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಡಿಸೆಂಬರ್ ಕೊನೆಯ ರಸೀದಿಗಳೆಲ್ಲ ಒಂದು ವರ್ಷ ಮುಂದಿನ ತಾರೀಖಿನೊಂದಿಗೆ ಮುದ್ರಣವಾಗಿದ್ದವು, ಮತ್ತು ಅವನ್ನು ಹಿಂದಕ್ಕೆ ಪಡೆದು ಹೊಸದಾಗಿ ಕೊಡಲು ಜನವರಿ ಪೂರ್ತಿ ಹಿಡಿಯಿತು.

ಎರಡನೆಯದು, ವಾರದ ನಿಯಮ ಯಂತ್ರದ ಪ್ರದೇಶ ಸೆಟ್ಟಿಂಗ್‌ನಿಂದ ಬರುತ್ತದೆ ಎಂಬುದು. ಯೂನಿಕೋಡ್ ಸಂಸ್ಥೆಯ ಸಿಎಲ್‌ಡಿಆರ್ ಎಂಬ ದತ್ತಾಂಶದಲ್ಲಿ ಪ್ರತಿ ದೇಶಕ್ಕೂ ವಾರದ ಮೊದಲ ದಿನ ಯಾವುದು, ಮೊದಲನೆಯ ವಾರ ಎನಿಸಿಕೊಳ್ಳಲು ಹೊಸ ವರ್ಷದ ಎಷ್ಟು ದಿನಗಳಿರಬೇಕು ಎಂಬ ಎರಡು ಸಂಗತಿಗಳಿವೆ. ಭಾರತಕ್ಕೆ ಭಾನುವಾರ ಮತ್ತು ಒಂದು ದಿನ; ಬ್ರಿಟನ್ನಿಗೆ ಸೋಮವಾರ ಮತ್ತು ನಾಲ್ಕು ದಿನ. ಜಾವಾದ 9ನೆಯ ಆವೃತ್ತಿಯಿಂದ ಈ ದತ್ತಾಂಶವೇ ಮೂಲ. ನಿಮ್ಮ ಲ್ಯಾಪ್‌ಟಾಪ್ ಭಾರತದ ಇಂಗ್ಲಿಷ್‌ನಲ್ಲಿದ್ದು ಸರ್ವರ್ ಬ್ರಿಟನ್ನಿನ ಇಂಗ್ಲಿಷ್‌ನಲ್ಲಿದ್ದರೆ ಅದೇ ಕೋಡ್ ಎರಡು ಕಡೆ ಎರಡು ವಾರಗಳನ್ನು ಹೇಳುತ್ತದೆ. ಆದ್ದರಿಂದ ವಾರ ಎಣಿಸಲು ಜಾವಾದಲ್ಲಿರುವ ವೀಕ್‌ಫೀಲ್ಡ್ಸ್ ಬಳಸುವಾಗ ಪ್ರದೇಶವನ್ನು ಅದಕ್ಕೆ ಬಿಡದೆ, ವಾರದ ಮೊದಲ ದಿನವನ್ನೂ ಕನಿಷ್ಠ ದಿನಗಳನ್ನೂ ನೀವೇ ಬಾಯಿಬಿಟ್ಟು ಹೇಳಬೇಕು.

ಯಗಚಿ (ಬೇಲೂರು)

ಹಾಗಾದರೆ ರೈಟರು ಹೇಳಿದ ಭಾನುವಾರದ ವಾರಕ್ಕೆ ನಾಲ್ಕು ದಿನಗಳ ನಿಯಮವನ್ನು ಹಚ್ಚಬಹುದೇ?

ಹೇಮಾವತಿ ದಂಡೆ (ಹಾಸನ)

ಹಚ್ಚಬಹುದು, ಅಮೆರಿಕದ ಸಾಂಕ್ರಾಮಿಕ ರೋಗಗಳ ವಾರದ ವರದಿಗಳು ಇದೇ ನಿಯಮದಲ್ಲಿವೆ. ಆಗ ನಡುವಿನ ದಿನ ಗುರುವಾರವಲ್ಲ, ಬುಧವಾರ. ಇದರ ಪರಿಣಾಮವನ್ನು ಗಮನಿಸಬೇಕು. 2025ರ ಡಿಸೆಂಬರ್ 28ರಿಂದ 2026ರ ಜನವರಿ 3ರವರೆಗಿನ ವಾರದ ಬುಧವಾರ ಡಿಸೆಂಬರ್ 31. ಹಾಗಾಗಿ ಅದು 2025ರ 53ನೆಯ ವಾರವಾಗುತ್ತದೆ. ಸೋಮವಾರದ ನಿಯಮದಲ್ಲಿ 53 ವಾರಗಳು ಬರುವುದು 2026ಕ್ಕೆ, ಭಾನುವಾರದ ನಿಯಮದಲ್ಲಿ 2025ಕ್ಕೆ. ಒಂದು ದಿನ ಸರಿಸಿದ್ದಕ್ಕೆ ಹೆಚ್ಚಿನ ವಾರವೇ ಒಂದು ವರ್ಷ ಹಿಂದಕ್ಕೆ ಸರಿಯಿತು. 365 ಎಂದರೆ 52 ವಾರ ಮತ್ತು ಒಂದು ದಿನ. ಆ ಮಿಕ್ಕ ದಿನಗಳು, ಅಧಿಕ ವರ್ಷದಲ್ಲಿ ಎರಡೆರಡು, ಕೂಡುತ್ತ ಬಂದು ಐದಾರು ವರ್ಷಕ್ಕೊಮ್ಮೆ ಇಡೀ ವಾರವಾಗುತ್ತವೆ. 400 ವರ್ಷಗಳ ಪೂರ್ಣ ಚಕ್ರದಲ್ಲಿ 1,46,097 ದಿನಗಳು, ಅಂದರೆ ಸರಿಯಾಗಿ 20,871 ವಾರಗಳು. ಅವುಗಳಲ್ಲಿ 71 ವರ್ಷಗಳಿಗೆ 53 ವಾರಗಳು.

ಹಾಲಿನ ಲೆಕ್ಕ (ಚನ್ನರಾಯಪಟ್ಟಣ)

ವಾರದ ಆರಂಭದ ದಿನವನ್ನು ಎಷ್ಟು ಸರಿಯಾಗಿ ಆರಿಸಿದರೂ ದಿನದ ಆರಂಭವೇ ತಪ್ಪಿದರೆ ಪ್ರಯೋಜನವಿಲ್ಲ. ನಮ್ಮ ಹಳ್ಳಿಯ ಹಾಲಿನ ಸಂಗ್ರಹಣೆ ಬೆಳಗಿನ ಜಾವವೇ ಶುರುವಾಗುತ್ತದೆ. ಸರ್ವರ್ ಸಮಯ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಭಾನುವಾರ ಬೆಳಿಗ್ಗೆ 5.15ಕ್ಕೆ ಹಾಕಿದ ಹಾಲು ಸರ್ವರ್ ಲೆಕ್ಕದಲ್ಲಿ ಶನಿವಾರ ರಾತ್ರಿ 11.45ರದು, 5.35ಕ್ಕೆ ಹಾಕಿದ್ದು ಭಾನುವಾರದ್ದು. ಸರತಿಯಲ್ಲಿ ಮುಂದೆ ನಿಂತವರ ಹಾಲು ಹಿಂದಿನ ವಾರಕ್ಕೆ, ಹಿಂದೆ ನಿಂತವರದು ಈ ವಾರಕ್ಕೆ ಹೋಗುತ್ತಿತ್ತು. ಪಂಚಾಂಗದಲ್ಲಿ ವಾರ ಸೂರ್ಯೋದಯಕ್ಕೆ ಬದಲಾಗುವುದನ್ನು ನಾವು ಬಲ್ಲೆವು, ಆದರೆ ಬೆಳಗಿನ ಐದೂವರೆಗೆ ದಿನವನ್ನು ಬದಲಾಯಿಸಿ ಎಂದು ಯಾರೂ ಕೇಳಿರಲಿಲ್ಲ. ಮೊದಲು ಭಾರತೀಯ ಸಮಯಕ್ಕೆ ತಂದು, ಅದರಿಂದ ದಿನಾಂಕವನ್ನು ತೆಗೆದು, ಆಮೇಲೆ ವಾರವನ್ನು ಕಂಡುಹಿಡಿಯಬೇಕು. ಈ ಕ್ರಮವನ್ನು ಮೀರಬಾರದು.

ಯುನಿಕ್ಸ್ ಸಮಯದ ಸೆಕೆಂಡುಗಳನ್ನು, ಅಂದರೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳನ್ನು, ಒಂದು ವಾರದ ಸೆಕೆಂಡುಗಳಾದ 6,04,800ರಿಂದ ಭಾಗಿಸಿ ವಾರವನ್ನು ಪಡೆಯುವವರೂ ಇದ್ದಾರೆ. ಆ ದಿನ ಗುರುವಾರವಾಗಿತ್ತು. ಹಾಗೆ ಭಾಗಿಸಿದರೆ ಗುರುವಾರದಿಂದ ಬುಧವಾರದವರೆಗಿನ ವಾರ ಬರುತ್ತದೆ, ಅದೂ ಯುಟಿಸಿಯಲ್ಲಿ.

ತೋಟದ ಲೆಕ್ಕ (ಮೂಡಿಗೆರೆ)

ಎಲ್ಲವನ್ನೂ ಓದಿದ ಮೇಲೆ, ವಾರದ ಗುರುತಾಗಿ ಶನಿವಾರದ ದಿನಾಂಕವನ್ನೇ ಇಡಲು ನಿರ್ಧರಿಸಿದ್ದೇನೆ. ಆದರೆ ತೋಟದ ಯಜಮಾನರಿಗೆ ಒಂದು ವರದಿ ಬೇಕು: ಹೋದ ವರ್ಷ ಇದೇ ವಾರ ಎಷ್ಟು ಹಣ್ಣು ಬಂದಿತ್ತು, ಎಷ್ಟು ಮಳೆಯಾಗಿತ್ತು ಎಂದು. ಮಳೆಯ ಅಂಕಿಗಳು ಕೃಷಿ ಪ್ರಕಟಣೆಗಳಲ್ಲಿ ವಾರದ ಸಂಖ್ಯೆಯೊಂದಿಗೇ ಬರುತ್ತವೆ. ಅದಕ್ಕಾದರೂ ಐಎಸ್‌ಒ ಸಂಖ್ಯೆಯನ್ನು ಬಳಸಬಹುದೇ?

ಮಳೆ ಪುಸ್ತಕ (ಬಾಳೆಹೊನ್ನೂರು)

ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ದೇಶದ ಕೃಷಿ ಹವಾಮಾನದ ಪ್ರಕಟಣೆಗಳಲ್ಲಿರುವುದು ‘ಪ್ರಮಾಣಿತ ಹವಾಮಾನ ವಾರ’. ಅದಕ್ಕೂ ಸೋಮವಾರ, ಭಾನುವಾರಗಳಿಗೂ ಸಂಬಂಧವಿಲ್ಲ. ಜನವರಿ 1ರಿಂದ 7ರವರೆಗೆ ಮೊದಲನೆಯದು, 8ರಿಂದ 14 ಎರಡನೆಯದು, ಹೀಗೆ ಪ್ರತಿ ವರ್ಷವೂ ಅದೇ ತಾರೀಖುಗಳು. ವರ್ಷಕ್ಕೆ ಯಾವಾಗಲೂ 52 ವಾರಗಳೇ. ಮಿಕ್ಕ ಒಂದು ದಿನವನ್ನು ಕೊನೆಯ ವಾರಕ್ಕೆ ಸೇರಿಸಿ ಡಿಸೆಂಬರ್ 24ರಿಂದ 31ರವರೆಗೆ ಎಂಟು ದಿನ ಮಾಡುತ್ತಾರೆ. ಅಧಿಕ ವರ್ಷದಲ್ಲಿ ಫೆಬ್ರವರಿ 29 ಒಂಬತ್ತನೆಯ ವಾರಕ್ಕೆ ಸೇರಿ ಅದೂ ಎಂಟು ದಿನದ್ದಾಗುತ್ತದೆ. ಮಳೆಗೆ ಇದು ಬಹಳ ಒಳ್ಳೆಯ ವ್ಯವಸ್ಥೆ. ಮಳೆ ವಾರದ ರಜೆಯನ್ನು ನೋಡುವುದಿಲ್ಲ, ಋತುವನ್ನು ನೋಡುತ್ತದೆ. ಮೇ 28ರಿಂದ ಜೂನ್ 3ರವರೆಗಿನ 22ನೆಯ ವಾರವೆಂದರೆ ಎಲ್ಲ ವರ್ಷಗಳಲ್ಲೂ ಮುಂಗಾರಿನ ಬಾಗಿಲೇ. ಕಾಫಿ ಹೂವನ್ನು ಅರಳಿಸುವ ಮಾರ್ಚ್, ಏಪ್ರಿಲ್‌ನ ಹೂಮಳೆ ಎರಡು ದಿನ ಹಿಂದೆಮುಂದಾದರೂ ತೋಟದ ಫಸಲಿನ ಮೇಲೆ ಎಷ್ಟು ಪರಿಣಾಮವಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಐಎಸ್‌ಒ ವಾರದ ಆರಂಭ ವರ್ಷದಿಂದ ವರ್ಷಕ್ಕೆ ಏಳು ತಾರೀಖುಗಳ ನಡುವೆ ಓಡಾಡುತ್ತದೆ.

ಮಳೆಯನ್ನೂ ಹಣ್ಣನ್ನೂ ಹೋಲಿಸಬೇಕಾದರೆ ಎರಡರದೂ ದಿನದ ಅಂಕಿಗಳನ್ನು ಇಟ್ಟುಕೊಂಡು, ಆ ವರದಿಯ ಮಟ್ಟಿಗೆ ಎರಡನ್ನೂ ಹವಾಮಾನ ವಾರಕ್ಕೆ ಕೂಡಿಸಿ. ಎಂಟು ದಿನದ ವಾರಗಳಲ್ಲಿ ದಿನದ ಸರಾಸರಿಯನ್ನು ತೋರಿಸುವುದನ್ನು ಮರೆಯಬೇಡಿ.

ಹಳೇ ರೈಟರು (ಸಕಲೇಶಪುರ)

ಪರದೆಯ ಮೇಲೆ ‘ವಾರ’ ಎಂದು ಬರೆದಿದ್ದೀರಾ? ನಮ್ಮಲ್ಲಿ ‘ಇವತ್ತು ಯಾವ ವಾರ’ ಎಂದರೆ ಸೋಮವಾರ, ಮಂಗಳವಾರ ಎಂದು ಉತ್ತರ ಬರುತ್ತದೆ. ಅದೇ ಪದ ಏಳು ದಿನಕ್ಕೂ ಹೌದು, ಒಂದು ದಿನಕ್ಕೂ ಹೌದು. ‘ವಾರ 1’ ಎಂದು ಚೀಟಿಯಲ್ಲಿ ಕಂಡರೆ ಆಳುಗಳಿಗೆ ಏನೂ ತಿಳಿಯುವುದಿಲ್ಲ, ತಿಳಿಯದ ಲೆಕ್ಕವನ್ನು ಅವರು ಪರೀಕ್ಷಿಸಲಾರರು. ಆ ತಾಯಿ ತಪ್ಪು ಹಿಡಿದದ್ದು ದಿನಗಳನ್ನು ಎಣಿಸಿ.

ತೋಟದ ಲೆಕ್ಕ (ಮೂಡಿಗೆರೆ)

ಒಪ್ಪಿದೆ ಸರ್. ನಿನ್ನೆ ರಾತ್ರಿ ಬದಲಾವಣೆ ಮುಗಿಸಿದೆ. ವಾರದ ಸಂಖ್ಯೆಯ ಅಂಕಣವನ್ನು ಡೇಟಾಬೇಸ್‌ನಿಂದಲೇ ತೆಗೆದಿದ್ದೇನೆ. ಪ್ರತಿ ನಮೂದಿಗೂ ಭಾರತೀಯ ಸಮಯದ ದಿನಾಂಕ, ಅದರಿಂದ ಬರುವ ಶನಿವಾರದ ದಿನಾಂಕ, ಇವೆರಡೇ ಉಳಿದಿವೆ. ಚೀಟಿಯಲ್ಲಿ ‘ಶನಿವಾರ 3-1-2026ರ ಬಟವಾಡೆ’ ಎಂಬ ತಲೆಬರಹದ ಕೆಳಗೆ ಭಾನುವಾರದಿಂದ ಶನಿವಾರದವರೆಗೆ ಏಳು ಮನೆಗಳಿದ್ದು, ಪ್ರತಿ ಮನೆಯಲ್ಲೂ ಆ ದಿನದ ಕಿಲೋ ಇರುತ್ತದೆ. ಕೆಲಸವಿಲ್ಲದ ದಿನ ಖಾಲಿ ಬಿಡದೆ ಗೆರೆ ಹಾಕಿದ್ದೇನೆ. ಮಳೆಯ ವರದಿ ಹವಾಮಾನ ವಾರದಲ್ಲಿ ಬೇರೆಯಾಗಿ ಬರುತ್ತದೆ.

2015ರಿಂದ 2040ರವರೆಗಿನ ಪ್ರತಿ ವರ್ಷದ ಡಿಸೆಂಬರ್ 25ರಿಂದ ಜನವರಿ 7ರವರೆಗಿನ ದಿನಗಳಿಗೆ ಪರೀಕ್ಷೆ ಬರೆದಿದ್ದೇನೆ: ಯಾವ ಬಟವಾಡೆಯಲ್ಲೂ ಏಳಕ್ಕಿಂತ ಹೆಚ್ಚೂ ಕಡಿಮೆಯೂ ದಿನಗಳಿರಬಾರದು, ಯಾವ ದಿನವೂ ಎರಡು ಬಟವಾಡೆಗಳಲ್ಲಿ ಇರಬಾರದು. ಎಲ್ಲವೂ ಪಾಸಾಗಿವೆ. ಮುಂದಿನ ವರ್ಷಾಂತ್ಯದ ವಾರ 2026ರ ಡಿಸೆಂಬರ್ 27ರ ಭಾನುವಾರದಿಂದ 2027ರ ಜನವರಿ 2ರ ಶನಿವಾರದವರೆಗೆ ಇರುತ್ತದೆ. ಆ ಶನಿವಾರ ನಾನೇ ತೋಟಕ್ಕೆ ಹೋಗಿ, ಹಣ ಹಂಚುವ ಮೊದಲು ಒಬ್ಬೊಬ್ಬರ ಏಳು ಮನೆಗಳನ್ನೂ ಅವರ ಮುಂದೆ ಓದಿ ಹೇಳುವುದೆಂದು ರೈಟರಿಗೆ ತಿಳಿಸಿದ್ದೇನೆ.